ಬಣ್ಣದ ದಪ್ಪ ಮಾತ್ರ ಕುಗ್ಗುವುದಿಲ್ಲ

1/25 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಾರಿನ ಕಿಟ್ ಬಿಚ್ಚಿದಾಗ ಬಾನೆಟ್, ಬಂಪರ್, ಸ್ಟೀರಿಂಗ್, ಚಕ್ರ ಎಲ್ಲವೂ ನಿಜವಾದ ಕಾರಿಗಿಂತ ಇಪ್ಪತ್ತೈದು ಪಟ್ಟು ಚಿಕ್ಕದಾಗಿ ಕೈಗೆ ಬರುತ್ತವೆ. ಅವುಗಳ ಮೇಲೆ ನಾವು ಹೊಡೆಯುವ ಬಣ್ಣ ಮಾತ್ರ ಹಾಗೆ ಚಿಕ್ಕದಾಗುವುದಿಲ್ಲ. ಅಡಿಪದರವಾದ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಎಲ್ಲ ಸೇರಿ 0.1 ಮಿಲಿಮೀಟರ್ ದಪ್ಪವಾಯಿತೆಂದು ಇಟ್ಟುಕೊಳ್ಳಿ. ಕಾರ್ಖಾನೆಯಿಂದ ಹೊರಬರುವ ಕಾರಿನ ಬಣ್ಣವೂ ಸುಮಾರು ಅಷ್ಟೇ ದಪ್ಪವಿರುತ್ತದೆ. ಆದರೆ ಮಾಡೆಲ್ ಮೇಲಿನ ಆ 0.1 ಮಿಮೀ ಪೂರ್ಣ ಅಳತೆಗೆ ಲೆಕ್ಕ ಹಾಕಿದರೆ 2.5 ಮಿಮೀ ಆಗುತ್ತದೆ, ಅಂದರೆ ಕಾರಿನ ಮೈಗೆ ಗಾರೆ ಬಳಿದಂತೆ. ಬಾಗಿಲಿಗೂ ಚಕ್ರದ ಮೇಲಿನ ಹೊದಿಕೆಯಾದ ಫೆಂಡರಿಗೂ ನಡುವಿನ 5 ಮಿಮೀ ಸಂದು ಮಾಡೆಲ್‌ನಲ್ಲಿ 0.2 ಮಿಮೀ ಅಗಲದ ಗೀರಾಗಿರುತ್ತದೆ, ಅದನ್ನು ತುಂಬಿಬಿಡಲು ಬಣ್ಣಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಹಣ ಪಡೆದು ಇಂಥ ಮಾಡೆಲ್‌ಗಳನ್ನು ಕಟ್ಟಿಕೊಡುವುದು ನನ್ನ ವೃತ್ತಿ. ನನ್ನ ಬಳಿಗೆ ದುರಸ್ತಿಗೆಂದು ಬರುವ ಕಾರುಗಳಲ್ಲಿ ಮುಕ್ಕಾಲುಪಾಲಿಗೆ ಇರುವುದು ಇದೊಂದೇ ಕಾಯಿಲೆ: ಬಣ್ಣ ಹೆಚ್ಚಾಗಿರುತ್ತದೆ.

ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರುಗಳಾದ ಮಸಲ್ ಕಾರುಗಳ ವಿಷಯದಲ್ಲಿ ಈ ಕಾಯಿಲೆ ಇನ್ನಷ್ಟು ಎದ್ದು ಕಾಣುತ್ತದೆ. 1964ರಲ್ಲಿ ಪಾಂಟಿಯಾಕ್ ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ 389 ಘನ ಅಂಗುಲದ ವಿ8 ಎಂಜಿನ್ ಕೂರಿಸಿ ಜಿಟಿಒ ಎಂದು ಕರೆದಲ್ಲಿಂದ ಈ ಪೀಳಿಗೆಯ ಕಥೆಯನ್ನು ಸಾಮಾನ್ಯವಾಗಿ ಆರಂಭಿಸುತ್ತಾರೆ. 1970ರ ಹೊತ್ತಿಗೆ ಪ್ಲಿಮತ್ ಕಂಪನಿಯ ‘ಕೂಡಾ’ ಎಂಬ ಕಾರಿನೊಳಗೆ 426 ಘನ ಅಂಗುಲದ, ಕಂಪನಿಯೇ 425 ಅಶ್ವಶಕ್ತಿ ಎಂದು ಸಾರಿಕೊಂಡ ಹೆಮಿ ಎಂಜಿನ್ ಬಂದಿತ್ತು; ಹೊರಗಿನ ಬಣ್ಣಗಳೂ ಎಂಜಿನ್ನಿನಷ್ಟೇ ಅಬ್ಬರದವಾಗಿದ್ದವು. ಎಫ್‌ಸಿ7 ಎಂಬ ಸಂಕೇತದ ಒಂದೇ ನೇರಳೆ ಬಣ್ಣವನ್ನು ಡಾಡ್ಜ್ ಪ್ಲಮ್ ಕ್ರೇಜಿ ಎಂದೂ ಪ್ಲಿಮತ್ ಇನ್‌ವಯೊಲೆಟ್ ಎಂದೂ ಮಾರುತ್ತಿದ್ದವು. ಇಂಥ ಕಾರುಗಳ ಚೆಲುವೆಲ್ಲ ಇರುವುದು ಉದ್ದನೆಯ ಸಪಾಟು ಬಾನೆಟ್ಟಿನಲ್ಲಿ, ಹಿಂಬದಿ ಚಕ್ರದ ಮೇಲೆ ಉಬ್ಬುವ ಸೊಂಟದಲ್ಲಿ ಮತ್ತು ಅವುಗಳ ನಡುವೆ ಓಡುವ ಒಂದೆರಡು ಚೂಪು ಗೆರೆಗಳಲ್ಲಿ. ಬಣ್ಣ ದಪ್ಪವಾದರೆ ಮೊದಲು ಸಾಯುವುದು ಆ ಗೆರೆಗಳು.

ಆದ್ದರಿಂದ ಬಣ್ಣದ ಕೆಲಸ ಬಣ್ಣದ ಡಬ್ಬಿ ಮುಟ್ಟುವ ಎಷ್ಟೋ ಮೊದಲೇ ಶುರುವಾಗುತ್ತದೆ. ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನ ಬೆಚ್ಚಗಿನ ನೀರಿನಲ್ಲಿ ತೊಳೆದು, ಅಚ್ಚಿನಿಂದ ಅಂಟಿಬಂದ ಜಿಡ್ಡನ್ನು ತೆಗೆಯಬೇಕು. ಕಾರಿನ ಬಾಡಿಯನ್ನು ಹಲವು ತುಂಡುಗಳಾಗಿ ಸರಿಯುವ ಅಚ್ಚಿನಲ್ಲಿ ಎರಕ ಹೊಯ್ಯುವುದರಿಂದ, ಆ ತುಂಡುಗಳು ಕೂಡುವ ಕಡೆಯಲ್ಲೆಲ್ಲ ಕೂದಲೆಳೆಯಂಥ ಏರುಗೆರೆ ಉಳಿದಿರುತ್ತದೆ: ಮುಂದಿನ ಫೆಂಡರುಗಳ ಮೇಲೆ, ಛಾವಣಿಯ ಕಂಬಗಳ ಪಕ್ಕದಲ್ಲಿ, ಹಿಂಬದಿಯ ಮೂಲೆಗಳಲ್ಲಿ. ಹೊಸಬರು ಇದನ್ನು ಕಾರಿನದೇ ಗೆರೆ ಎಂದು ತಿಳಿದು ಹಾಗೇ ಬಿಟ್ಟುಬಿಡುತ್ತಾರೆ. ಹೊಳೆಯುವ ಬಣ್ಣ ಬಿದ್ದ ಮೇಲೆ ಅದು ಗಾಯದ ಕಲೆಯಂತೆ ಎದ್ದು ನಿಲ್ಲುತ್ತದೆ. ಬ್ಲೇಡಿನ ಬೆನ್ನಿನಿಂದ ಹೆರೆದು, 400 ಮತ್ತು 600 ನಂಬರಿನ ವಾಟರ್ ಪೇಪರಿನಿಂದ ಒದ್ದೆಯಾಗಿ ಉಜ್ಜಿದರೆ ಅದು ಹೋಗುತ್ತದೆ. ಅನಂತರ ಬಾಗಿಲು, ಡಿಕ್ಕಿಗಳ ಸಂದುಗಳನ್ನು ಸೂಜಿಯಿಂದಲೋ ಬ್ಲೇಡಿನ ಬೆನ್ನಿನಿಂದಲೋ ಮೆಲ್ಲಗೆ ಗೀರಿ ಆಳ ಮಾಡಬೇಕು. ನಾಲ್ಕೈದು ಬಾರಿ ಹಗುರವಾಗಿ ಎಳೆಯಿರಿ. ಒಂದೇ ಸಲ ಒತ್ತಿ ಎಳೆದರೆ ಸೂಜಿ ಜಾರಿ ಬಾಗಿಲಿನ ಮೇಲೆ ಹೊಸ ಸಂದೊಂದು ಹುಟ್ಟಿಕೊಳ್ಳುತ್ತದೆ.

ಪ್ರೈಮರನ್ನು ನಾನು ಬಣ್ಣವೆಂದು ಎಣಿಸುವುದಿಲ್ಲ, ಅದನ್ನು ತಪಾಸಣೆಯ ಸಾಧನವೆಂದೇ ಕಾಣುತ್ತೇನೆ. ತೆಳುವಾಗಿ ಒಂದು ಕೋಟ್ ಬೂದು ಪ್ರೈಮರ್ ಬಿದ್ದೊಡನೆ ಉಳಿದ ಗೀರು, ಕುಳಿಗಳೆಲ್ಲ ಕಣ್ಣಿಗೆ ಬೀಳುತ್ತವೆ. ಅವನ್ನು ಸರಿಪಡಿಸಿ ಮತ್ತೆ ಉಜ್ಜಿದಾಗ ಆ ಪ್ರೈಮರಿನ ಬಹುಪಾಲು ಹೊರಟುಹೋಗುತ್ತದೆ, ಹೋಗಲೂಬೇಕು. ಪ್ಲಾಸ್ಟಿಕ್ಕೇ ಕೆಂಪು ಬಣ್ಣದ್ದಾಗಿದ್ದರೆ ಒಂದು ಎಚ್ಚರಿಕೆ: ಅದರೊಳಗಿನ ವರ್ಣದ್ರವ್ಯ ಮೇಲಿನ ಪದರಗಳಿಗೆ ನುಸುಳಿ ಬಂದು ಬಿಳಿ ಬಣ್ಣವನ್ನು ಕೆಲವೇ ದಿನಗಳಲ್ಲಿ ಗುಲಾಬಿಯಾಗಿಸಬಲ್ಲದು. ಅಂಥ ಬಾಡಿಗೆ ಗಾಢ ಬಣ್ಣವನ್ನು ಆರಿಸುವುದೇ ಜಾಣತನ.

ಬಣ್ಣಗಳ ಜಾತಿಯ ವಿಚಾರದಲ್ಲಿ ಒಂದು ನಿಯಮ ಸಾಕು. ಬೇಗ ಒಣಗುವ ಜಾತಿ ಲ್ಯಾಕರ್, ನಿಧಾನವಾಗಿ ಒಣಗುವುದು ಎನಾಮಲ್. ಲ್ಯಾಕರಿನ ಮೇಲೆ ಎನಾಮಲ್ ಕೂರುತ್ತದೆ. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಅದರ ಖಾರವಾದ ಥಿನ್ನರ್ ಕೆಳಗಿನ ಪದರವನ್ನು ಎಬ್ಬಿಸಿ ಸುಕ್ಕುಗಟ್ಟಿಸುತ್ತದೆ. ಇದನ್ನು ನಾನು ಓದಿ ಕಲಿತವನಲ್ಲ. ವೃತ್ತಿಯ ಆರಂಭದ ದಿನಗಳಲ್ಲಿ ಒಂದು ಚಾರ್ಜರ್ ಕಾರಿಗೆ ಹೊಳಪಿನ ಎನಾಮಲ್ ಹೊಡೆದು, ಐದು ದಿನ ಕಾದು, ಮುಟ್ಟಿ ನೋಡಿ ಒಣಗಿದೆಯೆಂದು ನಂಬಿ ಲ್ಯಾಕರ್ ಕ್ಲಿಯರ್ ಹೊಡೆದೆ. ಮೊದಲ ನಿಮಿಷ ಕನ್ನಡಿಯಂತಿತ್ತು; ಎರಡನೆಯ ನಿಮಿಷಕ್ಕೆ ಛಾವಣಿಯ ನಡುವಿನಿಂದ ಹಾಲಿನ ಕೆನೆ ಸರಿದಂತೆ ಸುಕ್ಕು ಹಬ್ಬಿತು. ನೋಡುತ್ತ ನಿಲ್ಲುವುದನ್ನು ಬಿಟ್ಟು ಮಾಡುವುದೇನೂ ಇರಲಿಲ್ಲ. ಬ್ರೇಕ್ ಆಯಿಲ್‌ನಲ್ಲಿ ಮುಳುಗಿಸಿಟ್ಟು, ಕೈಗವಸು ಹಾಕಿಕೊಂಡು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಣ್ಣವನ್ನೆಲ್ಲ ಕಿತ್ತು ಮೊದಲಿನಿಂದ ಆರಂಭಿಸಿದೆ. ಅಂದಿನಿಂದ ಒಂದು ಕಾರಿನ ಬಾಡಿಗೆ ಪ್ರೈಮರಿನಿಂದ ಕ್ಲಿಯರ್‌ವರೆಗೆ ಒಂದೇ ಜಾತಿಯ ಬಣ್ಣವನ್ನು, ಲ್ಯಾಕರನ್ನೇ, ಬಳಸುತ್ತಿದ್ದೇನೆ. ಅದು ಬೇಗ ಒಣಗುತ್ತದೆ, ತೆಳುವಾಗಿಯೂ ಕೂರುತ್ತದೆ.

ಇನ್ನು ಕಸ್ಟಮ್ ಬಣ್ಣದ ವಿಷಯ. ಗಿರಾಕಿಗಳು ಹೆಚ್ಚಾಗಿ ಕೇಳುವುದು ಕ್ಯಾಂಡಿಯನ್ನು. ಕ್ಯಾಲಿಫೋರ್ನಿಯಾದ ಕಸ್ಟಮ್ ಕಾರುಗಳ ಕುಶಲಕರ್ಮಿ ಜೋ ಬೈಲಾನ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕ್ಯಾಂಡಿ ಆಪಲ್ ರೆಡ್ ಈ ಬಗೆಯ ಬಣ್ಣಗಳಿಗೆಲ್ಲ ಹಿರಿಯಣ್ಣ. ಕ್ಯಾಂಡಿಯೆಂದರೆ ಪಾರದರ್ಶಕ ಬಣ್ಣ, ಬಣ್ಣದ ಗಾಜಿನಂತೆ. ಅದರ ಕೆಳಗೆ ಬೆಳ್ಳಿಯ ಅಥವಾ ಚಿನ್ನದ ಲೋಹಬಣ್ಣವಿರಬೇಕು. ಬೆಳಕು ಆ ಗಾಜನ್ನು ಹಾದು ಒಳಗೆ ಹೋಗಿ, ಲೋಹಕ್ಕೆ ತಾಗಿ, ಅದೇ ಗಾಜನ್ನು ಮತ್ತೊಮ್ಮೆ ಹಾದು ಹೊರಗೆ ಬರುತ್ತದೆ. ಹೀಗೆ ಪ್ರತಿ ಕೋಟ್ ಎರಡು ಬಾರಿ ಲೆಕ್ಕಕ್ಕೆ ಬರುವುದರಿಂದ ಮೂರನೆಯ ಕೋಟಿಗೂ ಐದನೆಯ ಕೋಟಿಗೂ ಅಜಗಜಾಂತರ. ಸಾಮಾನ್ಯ ಬಣ್ಣ ಒಮ್ಮೆ ಪೂರ್ತಿ ಮುಚ್ಚಿದ ಮೇಲೆ ಇನ್ನೆಷ್ಟು ಹೊಡೆದರೂ ಅದೇ ಬಣ್ಣ. ಕ್ಯಾಂಡಿಯಾದರೋ ಹೊಡೆದಷ್ಟೂ ಕಪ್ಪಾಗುತ್ತ ಹೋಗುತ್ತದೆ. ಒಂದು ಕಡೆ ಕೈ ಅರೆಕ್ಷಣ ನಿಂತರೆ ಅಲ್ಲೊಂದು ಮೋಡ ಕಟ್ಟುತ್ತದೆ. ಬಾನೆಟ್ಟನ್ನು ಬೇರೆ ದಿನ, ಬಾಡಿಯನ್ನು ಬೇರೆ ದಿನ ಹೊಡೆದವರ ಕಾರು ಎರಡು ಕಾರುಗಳಿಂದ ಕಿತ್ತು ಜೋಡಿಸಿದಂತೆ ಕಾಣುತ್ತದೆ. ಬಾನೆಟ್ಟನ್ನು ಹಿಂಬದಿಯಿಂದ ಟೇಪ್ ಅಂಟಿಸಿ ತನ್ನ ಜಾಗದಲ್ಲೇ ಕೂರಿಸಿ, ಬಾಡಿಯೊಂದಿಗೆ ಒಂದೇ ಎಳೆತದಲ್ಲಿ, ಒಂದೇ ದಿಕ್ಕಿನಲ್ಲಿ ಹೊಡೆಯುವುದು ನನ್ನ ಕ್ರಮ.

ಇದಕ್ಕೆ ಮೊದಲು ಪ್ಲಾಸ್ಟಿಕ್ ಚಮಚಗಳ ಮೇಲೆ ಪರೀಕ್ಷೆ ನಡೆಯಲೇಬೇಕು. ಚಮಚದ ಬೆನ್ನು ಫೆಂಡರಿನಂತೆಯೇ ಉಬ್ಬಿರುವುದರಿಂದ ಬೆಳಕು ಅದರ ಮೇಲೆ ಜಾರುವ ರೀತಿ ಕಾರಿನ ಮೇಲಿನಂತೆಯೇ ಇರುತ್ತದೆ. ಆರು ಚಮಚಗಳಿಗೆ ಬೆಳ್ಳಿ ಹೊಡೆದು, ಮೊದಲನೆಯದಕ್ಕೆ ಒಂದು ಕೋಟ್ ಕ್ಯಾಂಡಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ ಹೊಡೆದು, ಹಿಡಿಯ ಮೇಲೆ ಕೋಟುಗಳ ಲೆಕ್ಕ ಬರೆದಿಡಿ. ಸಾಧ್ಯವಾದರೆ ಇನ್ನಾರು ಚಮಚಗಳಿಗೆ ಚಿನ್ನದ ಬಣ್ಣ ಹೊಡೆದು ಅದನ್ನೇ ಮಾಡಿ. ಒಂದೇ ಕೆಂಪು ಬೆಳ್ಳಿಯ ಮೇಲೆ ತಣ್ಣಗೆ, ಚಿನ್ನದ ಮೇಲೆ ಕೆಂಡದಂತೆ ಕಾಣುವುದು ಆಗ ತಿಳಿಯುತ್ತದೆ. ಗಿರಾಕಿಗೆ ನಾನು ತೋರಿಸುವುದು ಈ ಚಮಚಗಳನ್ನೇ. ಹೆಚ್ಚಿನವರು ನಾಲ್ಕನೆಯದನ್ನು ಆರಿಸುತ್ತಾರೆ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿಗೆ 0.3 ಮಿಮೀ ನಾಜಲ್, 15ರಿಂದ 20 ಪಿಎಸ್‌ಐ ಒತ್ತಡ, ಹಾಲಿನಷ್ಟು ತೆಳುವಾದ ಬಣ್ಣ, ಸುಮಾರು 10 ಸೆಂಟಿಮೀಟರ್ ದೂರ: ಇದು ನನ್ನ ಕೈಗೆ ಒಗ್ಗಿದ ಲೆಕ್ಕ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಲ್ಯಾಕರ್ ಹೊಡೆಯಬೇಡಿ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಅದರ ಮೇಲೆ ನೀರಿನ ಅಂಶ ಕೂತು, ಬಣ್ಣ ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ.

ಮೆಟಲ್ ಫ್ಲೇಕ್ ಕೇಳಿಕೊಂಡು ಬರುವವರಿಗೆ ನಾನು ಮತ್ತೆ ಅದೇ ಗುಣಾಕಾರವನ್ನು ತೋರಿಸುತ್ತೇನೆ. ನಿಜವಾದ ಕಸ್ಟಮ್ ಕಾರಿಗೆ ಹಾಕುವ 0.2 ಮಿಮೀ ಹೊಳಪಿನ ಚೂರನ್ನು ಮಾಡೆಲಿಗೆ ಹಾಕಿದರೆ ಅದು ಪೂರ್ಣ ಅಳತೆಯಲ್ಲಿ 5 ಮಿಮೀ ಬಿಲ್ಲೆಯಾಗುತ್ತದೆ. ಕಾರಿಗೆ ಚಮಕಿ ಹೊಲಿದಂತಾಗುತ್ತದೆ. ನುಣ್ಣನೆಯ ಅಭ್ರಕದ ಪುಡಿಯನ್ನು ಕ್ಲಿಯರಿನಲ್ಲಿ ಕಲಸಿ ಹೊಡೆಯುವುದೇ ಈ ಅಳತೆಗೆ ಸರಿಯಾದ ಹಾದಿ.

ಪಟ್ಟೆಗಳ ಮಾತು ಬಂದಾಗ ಕಿಟ್ಟಿನೊಂದಿಗೆ ಬರುವ, ಅಂಟಿಸುವ ಚಿತ್ರವಾದ ಡೆಕಾಲ್‌ಗಿಂತ ಬಣ್ಣದ ಪಟ್ಟೆಯೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಆದರೆ 1970ರ ಕೂಡಾದ ಹಿಂಬದಿಯಲ್ಲಿ ಹಾಕಿ ಆಟದ ಕೋಲಿನಂತೆ ಬಾಗಿ, ಎಂಜಿನ್ನಿನ ಅಳತೆಯನ್ನು ಹೇಳುವ ಪಟ್ಟೆಯಂಥದ್ದನ್ನು ಬಣ್ಣದಲ್ಲಿ ಮಾಡಹೋಗುವುದು ಹಟಮಾರಿತನ. ನೇರ ಪಟ್ಟೆಗಾದರೆ ಮಾಸ್ಕಿಂಗ್ ಟೇಪಿನ ಕಾರ್ಖಾನೆಯ ಅಂಚನ್ನು ನಂಬದೆ, ಗಾಜಿನ ಮೇಲೆ ಅಂಟಿಸಿ ಹೊಸ ಬ್ಲೇಡಿನಿಂದ ಕತ್ತರಿಸಿಕೊಳ್ಳಿ. ಟೇಪ್ ಅಂಟಿಸಿದ ಮೇಲೆ ಮೊದಲು ಕೆಳಗಿನ ಬಣ್ಣವನ್ನೇ ಅಥವಾ ಕ್ಲಿಯರನ್ನು ಅಂಚಿಗೆ ತೆಳುವಾಗಿ ಹೊಡೆಯಿರಿ. ಟೇಪಿನ ಕೆಳಗೆ ಸೋರುವುದಿದ್ದರೆ ಅದೇ ಸೋರಿ ಅಂಚನ್ನು ಮುಚ್ಚಿಬಿಡುತ್ತದೆ; ಆಮೇಲೆ ಬರುವ ಪಟ್ಟೆಯ ಬಣ್ಣಕ್ಕೆ ನುಸುಳಲು ದಾರಿ ಇರುವುದಿಲ್ಲ.

ಲಾಂಛನಗಳಿಗೆ ಒಂದು ಹಳೆಯ ಉಪಾಯವಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫೆಂಡರಿನ ಮೇಲೆ ಅಚ್ಚಿನಲ್ಲೇ ಮೂಡಿರುವ ಅಕ್ಷರಗಳು ಎಷ್ಟು ಸಣ್ಣವೆಂದರೆ ಅವುಗಳ ಮೇಲೆ ಕುಂಚದಿಂದ ಬೆಳ್ಳಿ ಬಳಿದರೆ ಅಕ್ಷರ ಹೋಗಿ ಮುದ್ದೆ ಉಳಿಯುತ್ತದೆ. ಪ್ರೈಮರ್ ಒಣಗಿದ ಮೇಲೆ, ಬಣ್ಣಕ್ಕೂ ಮೊದಲು, ಹಿಂಬದಿಗೆ ಅಂಟು ಬಳಿದಿರುವ ತೆಳ್ಳನೆಯ ಲೋಹದ ಹಾಳೆಯಾದ ಬೇರ್ ಮೆಟಲ್ ಫಾಯಿಲ್‌ನ ಸಣ್ಣ ತುಂಡನ್ನು ಆ ಅಕ್ಷರಗಳ ಮೇಲೆ ಹಾಸಿ, ಹತ್ತಿಯ ಕಡ್ಡಿಯಿಂದ ಒತ್ತಿ, ಹಲ್ಲುಕಡ್ಡಿಯ ಮೊನೆಯಿಂದ ಪ್ರತಿ ಅಕ್ಷರದ ಸುತ್ತ ಕೂರಿಸಿ, ಹೊಸ ಬ್ಲೇಡಿನಿಂದ ಸುತ್ತಲಿನದನ್ನು ಕತ್ತರಿಸಿ ತೆಗೆಯಬೇಕು. ಅದರ ಮೇಲೆಯೇ ಕಾರಿನ ಬಣ್ಣವನ್ನೆಲ್ಲ ಹೊಡೆಯುವುದು. ಒಣಗಿದ ಮೇಲೆ, ಕ್ಲಿಯರಿಗೆ ಮೊದಲು, ಹತ್ತಿಯ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಥಿನ್ನರ್ ತಾಗಿಸಿ, ಅದನ್ನು ಕಾಗದಕ್ಕೆ ಒತ್ತಿ ಬಹುಪಾಲು ಒಣಗಿಸಿ, ಅಕ್ಷರಗಳ ತಲೆಯನ್ನು ಮಾತ್ರ ಒಂದೆರಡು ಸಲ ಸವರಬೇಕು. ಬಟ್ಟೆ ಬಿಗಿಯಾಗಿರುವುದರಿಂದ ತಗ್ಗಿನ ಬಣ್ಣಕ್ಕೆ ಅದು ಇಳಿಯುವುದಿಲ್ಲ. ಉಬ್ಬಿನ ಮೇಲಿನ ಬಣ್ಣ ಮಾತ್ರ ಹೋಗಿ, ಕೆಳಗಿನಿಂದ ನಿಜವಾದ ಲೋಹವೇ ಅಕ್ಷರವಾಗಿ ಹೊಳೆಯುತ್ತದೆ. ಬಣ್ಣ ತೆಳುವಾಗಿದ್ದರೆ ಮಾತ್ರ ಈ ಉಪಾಯ ಫಲಿಸುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಕ್ಲಿಯರ್ ಕೋಟಿನಲ್ಲಿ ಎರಡು ಅಂಶಗಳನ್ನು ಬೆರೆಸಿ ಬಳಸುವ ಯುರೆಥೇನ್ ಗಾಜಿನಂಥ ಹೊಳಪು ಕೊಡುತ್ತದೆ, ನಿಜ. ಅದರಲ್ಲಿ ಐಸೊಸಯನೇಟ್ ಇರುತ್ತದೆ. ಒಮ್ಮೆ ಅದರಿಂದ ಅಲರ್ಜಿ ಹತ್ತಿಕೊಂಡರೆ ಅನಂತರ ಅತ್ಯಲ್ಪ ಪ್ರಮಾಣವೂ ಉಬ್ಬಸ ತರಬಲ್ಲದು, ಬಟ್ಟೆಯ ಮುಖಗವಸು ಅದಕ್ಕೆ ಅಡ್ಡಿಯೇ ಅಲ್ಲ. ಮನೆಯ ಮೇಜಿನ ಮೇಲೆ ಕೆಲಸ ಮಾಡುವವರಿಗೆ ಅದು ಬೇಡವೆಂದೇ ನನ್ನ ಸಲಹೆ. ಲ್ಯಾಕರ್ ಕ್ಲಿಯರಿಗೂ ಆವಿ ತಡೆಯುವ ಫಿಲ್ಟರಿನ ಮಾಸ್ಕ್ ಮತ್ತು ಗಾಳಿಯನ್ನು ಹೊರಗೆ ದೂಡುವ ಫ್ಯಾನ್ ಬೇಕು.

ಬಣ್ಣ ಒಣಗಿದೆಯೇ ಎಂದು ತಿಳಿಯಲು ಬೆರಳಿಗಿಂತ ಮೂಗು ನಂಬಿಕಸ್ಥ. ಹತ್ತಿರ ಹಿಡಿದು ಮೂಸಿದಾಗ ಬಣ್ಣದ ವಾಸನೆ ಇದ್ದರೆ ಥಿನ್ನರ್ ಇನ್ನೂ ಹೊರಬರುತ್ತಿದೆ ಎಂದರ್ಥ. ವಾಸನೆ ಪೂರ್ತಿ ಹೋದ ಮೇಲೆ 3200 ನಂಬರಿನ ಉಜ್ಜುವ ಬಟ್ಟೆಯಿಂದ ಆರಂಭಿಸಿ 12000ದವರೆಗೆ ಒದ್ದೆಯಾಗಿ ಉಜ್ಜುತ್ತ ಹೋಗಬಹುದು. ದ್ರವದ ಸೆಳೆತದಿಂದ ಬಣ್ಣ ಚೂಪು ಅಂಚುಗಳಿಂದ ಹಿಂದೆ ಸರಿದು ಕೂರುವುದರಿಂದ ಅಲ್ಲಿ ಪದರ ಅತಿ ತೆಳು. ಫೆಂಡರಿನ ಗೆರೆಗಳನ್ನೂ ಬಾನೆಟ್ಟಿನ ಅಂಚನ್ನೂ ಮುಟ್ಟದೆ ಸುತ್ತು ಹಾಕಿ ಹೋಗಬೇಕು.

ಕೊನೆಗೆ ಜೋಡಣೆ. ಆ ಬಾನೆಟ್ ತನ್ನ ಜಾಗದಲ್ಲಿ ಕೂರಬೇಕಲ್ಲ. ಬಾನೆಟ್ಟಿನ ಅಂಚಿಗೆ 0.1 ಮಿಮೀ ಬಣ್ಣ, ಅದನ್ನು ಎದುರಿಸುವ ಫೆಂಡರಿನ ಅಂಚಿಗೆ ಇನ್ನೊಂದು 0.1 ಮಿಮೀ. ಕಿಟ್ಟಿನಲ್ಲಿದ್ದ 0.2 ಮಿಮೀ ಸಂದು ಅಲ್ಲಿಗೇ ಮುಗಿಯಿತು. ಬಲವಂತವಾಗಿ ಒತ್ತಿದರೆ ಅಂಚಿನ ಬಣ್ಣ ಚಕ್ಕೆ ಏಳುತ್ತದೆ. ಬಾಡಿಯೊಂದಿಗೇ ಕೂರಿಸಿ ಹೊಡೆದರೂ ಬಣ್ಣ ಸಂದಿನೊಳಗೆ ಇಳಿಯದೆ ಬಿಡುವುದಿಲ್ಲ. ಆದ್ದರಿಂದ ಪ್ರೈಮರಿಗೂ ಮುಂಚೆ, ಪ್ಲಾಸ್ಟಿಕ್ ಬರಿಯ ಪ್ಲಾಸ್ಟಿಕ್ಕಾಗಿರುವಾಗಲೇ, ಬಾನೆಟ್ಟಿನ ಅಂಚನ್ನು ಉಜ್ಜಿ ಸಡಿಲ ಮಾಡಿಕೊಳ್ಳಬೇಕು. ಅಳತೆಗೆ ಮುದ್ರಣದ ಬಿಳಿ ಹಾಳೆಯೇ ಸಾಕು, ಒಂದು ಹಾಳೆ ಸುಮಾರು 0.1 ಮಿಮೀ ದಪ್ಪವಿರುತ್ತದೆ. ಎರಡು ಅಂಚುಗಳ ಬಣ್ಣಕ್ಕೆ 0.2 ಮಿಮೀ, ಕೊನೆಗೆ ಉಳಿಯಬೇಕಾದ ಸಂದಿಗೆ 0.2 ಮಿಮೀ, ಈ ಲೆಕ್ಕದ ಪ್ರಕಾರ ನಾಲ್ಕು ಪದರಗಳ ಕಾಗದ ಸಂದಿನಲ್ಲಿ ಹಾಯಬೇಕು. ಅಂಚಿನಲ್ಲಿ ಬಣ್ಣ ತೆಳುವಾಗಿಯೇ ಕೂರುವುದರಿಂದ ನಾನು ಮೂರಕ್ಕೆ ನಿಲ್ಲಿಸುತ್ತೇನೆ. ಕೂಡಾದಂತೆ ಶೇಕರ್ ಸ್ಕೂಪ್, ಅಂದರೆ ಎಂಜಿನ್ನಿಗೆ ಗಾಳಿ ಸೆಳೆಯುವ ಮೂತಿ, ಇರುವ ಕಾರಾದರೆ, ಆ ಸ್ಕೂಪ್ ಎಂಜಿನ್ನಿಗೆ ಅಂಟಿಕೊಂಡು ಬಾನೆಟ್ಟಿನ ತೂತಿನಿಂದ ತಲೆ ಹೊರಹಾಕುವುದರಿಂದ, ಎಂಜಿನ್ನನ್ನು ಷಾಸಿಗೆ ಅಂಟಿಸುವ ಮೊದಲೇ ಬಾನೆಟ್ ಮುಚ್ಚಿ, ಮೂರು ಪದರದ ಅದೇ ಕಾಗದವನ್ನು ತೂತಿನ ಸುತ್ತಲೂ ಒಮ್ಮೆ ಎಳೆದು ನೋಡಿ.