ಆರೇ ಮಂದಿ ಕೆಲಸಗಾರರಿದ್ದರೆ ಸುರಕ್ಷತೆಯ ಕಾನೂನು ಇಲ್ಲವೇ?

ಪ್ರಶ್ನೆ: ಬದಿಯಡ್ಕದ ಸಮೀಪ ನಮ್ಮ ಮನೆಗೆ ಮೇಲಂತಸ್ತು ಕಟ್ಟಿಸುತ್ತಿದ್ದೇವೆ. ಮೇಸ್ತ್ರಿಯೂ ಸೇರಿ ಆರು ಮಂದಿ ಇದ್ದಾರೆ. ಹೆಲ್ಮೆಟ್, ಬೆಲ್ಟ್ ತಂದುಕೊಟ್ಟರೂ ಯಾರೂ ಹಾಕುವುದಿಲ್ಲ. ಹತ್ತು ಮಂದಿಗಿಂತ ಕಡಿಮೆ ಇದ್ದರೆ ಕಾನೂನು ಅನ್ವಯಿಸುವುದಿಲ್ಲ ಎಂದು ಗುತ್ತಿಗೆದಾರರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಅರ್ಧ ಮಾತ್ರ ಸರಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯು 10 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕೆಲಸಗಳಿಗೆಂದೇ ರಚಿತವಾಗಿತ್ತು. ಔದ್ಯೋಗಿಕ ಸುರಕ್ಷತೆಯ ಕುರಿತ 2020ರ ಸಂಹಿತೆಯೂ ಅದೇ ಸಂಖ್ಯೆಯನ್ನು ಉಳಿಸಿಕೊಂಡಿದೆ. ಆದರೂ 1996ರ ಕಾಯ್ದೆ ಹಿಂದಿನ ಹನ್ನೆರಡು ತಿಂಗಳುಗಳ ಯಾವುದೇ ಒಂದು ದಿನ ಹತ್ತು ಮಂದಿ ಇದ್ದರೂ ಅನ್ವಯಿಸುತ್ತಿತ್ತು ಎಂಬುದನ್ನು ಗುತ್ತಿಗೆದಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಸ್ಲ್ಯಾಬಿಗೆ ಕಾಂಕ್ರೀಟು ಹಾಕುವ ದಿನ ಆರು ಮಂದಿಯಿಂದ ಕೆಲಸ ಮುಗಿಯುವುದುಂಟೇ?

ಕೆಲಸಗಾರನಿಗೆ ಗಾಯವೋ ಸಾವೋ ಆದಾಗ ಕೊಡಬೇಕಾದ ಪರಿಹಾರದ ವಿಷಯದಲ್ಲಂತೂ ಈ ತಲೆ ಎಣಿಕೆ ನಡೆಯುವುದಿಲ್ಲ. ಒಂದಕ್ಕಿಂತ ಹೆಚ್ಚು ಅಂತಸ್ತಿನ ಅಥವಾ ಮಾಡಿನ ತುದಿಯವರೆಗೆ 12 ಅಡಿ ಎತ್ತರವಿರುವ ಕಟ್ಟಡದ ಕೆಲಸವನ್ನು 1923ರ ಪರಿಹಾರ ಕಾಯ್ದೆಯು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿತ್ತು. ಕೊಟ್ಟ ರಕ್ಷಣಾ ಸಾಧನವನ್ನು ಕಾರ್ಮಿಕನೇ ಬೇಕೆಂದು ಬಿಸುಟಿದ್ದನೆಂಬ ವಾದವು ಸಣ್ಣಪುಟ್ಟ ಗಾಯಗಳಲ್ಲಿ ನಿಲ್ಲಬಹುದಾದರೂ, ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಉಂಟಾದಾಗ ಉದ್ಯೋಗದಾತನಿಗೆ ಆ ವಾದದ ಆಸರೆ ಇಲ್ಲ. ಗುತ್ತಿಗೆ ಕೊಡದೆ ದಿನಗೂಲಿಗೆ ನೀವೇ ಜನರನ್ನು ಕರೆದಿದ್ದರೆ ಆ ಉದ್ಯೋಗದಾತ ನೀವೇ ಆಗಬಹುದು. ನಿರ್ಲಕ್ಷ್ಯದಿಂದ ಸಾವಾದಾಗ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಕೂಡ ಕಾರ್ಮಿಕರ ಸಂಖ್ಯೆಯನ್ನು ಕೇಳುವುದಿಲ್ಲ.

ಇನ್ನು ನೀವು ತಂದ ಬೆಲ್ಟಿನ ವಿಚಾರ. ಅದು ಸೊಂಟಕ್ಕೆ ಮಾತ್ರ ಬಿಗಿಯುವಂಥದ್ದಾಗಿದ್ದರೆ ಬೀಳುವಿಕೆಯನ್ನು ತಡೆಯಲು ತಕ್ಕುದಲ್ಲ. ಭುಜ, ಎದೆ, ತೊಡೆಗಳನ್ನು ಸುತ್ತುವ ಪೂರ್ಣದೇಹದ ಹಾರ್ನೆಸ್, ಐಎಸ್ 3521 (ಭಾರತೀಯ ಮಾನಕ) ಗುರುತಿರುವುದು, ಬೇಕು. ಅದಿದ್ದರೂ ಸಾಲದು. ಮೂರು ಮೀಟರ್ ಎತ್ತರದಲ್ಲಿ ನಿಂತವನು ಹಾರ್ನೆಸ್ಸಿನ ಬೆನ್ನಿಗೆ ಸೇರಿಸಿದ ಎರಡು ಮೀಟರಿನ ಹಗ್ಗದ ಇನ್ನೊಂದು ತುದಿಯನ್ನು ಕಾಲಬುಡದ ಆಧಾರಕ್ಕೆ ಕಟ್ಟಿದರೆ, ಹಗ್ಗ ಬಿಗಿಯಾಗುವ ಮೊದಲೇ ಅವನ ಪಾದ ನೆಲಕ್ಕೆ ಬಡಿದಿರುತ್ತದೆ. ಕೊಂಡಿ ತಲೆಗಿಂತ ಮೇಲೆ, ಗಟ್ಟಿಯಾದ ಕಂಬಕ್ಕೋ ತೊಲೆಗೋ ಇರಬೇಕು, ಸಾರುವೆಯ ಬಿದಿರಿಗಲ್ಲ. ಸಣ್ಣ ಮನೆಗಳಲ್ಲಿ ಅಂಥ ಆಧಾರ ಸಿಗುವುದೇ ಕಷ್ಟವಾದುದರಿಂದ, ಬೆಲ್ಟಿಗೆ ಕೊಡುವ ಹಣವನ್ನು ಮೊದಲು ಅಲುಗಾಡದ ಸಾರುವೆ, ಸಂದಿಯಿಲ್ಲದ ಹಲಗೆ ಮತ್ತು ಸ್ಲ್ಯಾಬಿನ ಅಂಚಿನ ತಾತ್ಕಾಲಿಕ ಕೈತಡೆಗೆ ಕೊಡುವುದು ಮೇಲೆಂದು ನನ್ನ ಅಭಿಪ್ರಾಯ. ಕೈತಡೆಯನ್ನು ಯಾರೂ ಧರಿಸಬೇಕಾಗಿಲ್ಲ, ಮರೆಯುವಂತೆಯೂ ಇಲ್ಲ.

ಹೆಲ್ಮೆಟಿನಲ್ಲಿ ಐಎಸ್ 2925 ಗುರುತನ್ನೂ ಗಲ್ಲದ ಪಟ್ಟಿಯನ್ನೂ ನೋಡಿ; ಬಲವಾದ ಪೆಟ್ಟು ತಿಂದುದನ್ನು ಎಸೆಯಿರಿ. ಗ್ರಾನೈಟ್, ಟೈಲ್ಸ್ ಕತ್ತರಿಸುವಾಗ ಮುಖಕ್ಕೆ ಸುತ್ತಿದ ಬೈರಾಸು ಸಿಲಿಕಾ ಧೂಳನ್ನು ತಡೆಯದು. ನೀರು ಹಾಯಿಸಿ ಕತ್ತರಿಸಬೇಕು, ಎನ್‌95 ಮಾಸ್ಕ್ ಮತ್ತು ಕನ್ನಡಕ ಬೇಕು. ಹಸಿ ಸಿಮೆಂಟು ಚರ್ಮವನ್ನು ಸುಡುವುದರಿಂದ ಕಾಂಕ್ರೀಟಿನಲ್ಲಿ ನಿಲ್ಲುವವರಿಗೆ ಗಂಬೂಟು, ಕೈಗವಸು ಕೊಡಿ. ಮಳೆಗಾಲ ದೀರ್ಘವಾಗಿರುವ ನಮ್ಮ ಕಾಸರಗೋಡಿನಲ್ಲಿ ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು) ಇಲ್ಲದೆ ಯಂತ್ರ ಓಡಿಸಬಾರದು.

ಕರಾರು ಪತ್ರದಲ್ಲಿ ಸಿಮೆಂಟಿನ ಬ್ರಾಂಡ್ ಬರೆಸುವವರು ಸಾರುವೆಯ ಖರ್ಚು ಯಾರದೆಂದು ಬರೆಸುವುದಿಲ್ಲ. ಅದನ್ನು ಈಗಲೇ ಬರೆಸಿ, ಸಾಧನ ಧರಿಸದವರನ್ನು ಎತ್ತರಕ್ಕೆ ಹತ್ತಿಸುವಂತಿಲ್ಲ ಎಂಬ ಮಾತನ್ನೂ ಸೇರಿಸಿ. ಕೆಲಸಗಾರರು ಬಂಗಾಳ, ಒಡಿಶಾಗಳಿಂದ ಬಂದವರಾಗಿದ್ದರೆ ಕನ್ನಡ, ಮಲಯಾಳದಲ್ಲಿ ಹೇಳಿ ಕೈತೊಳೆದುಕೊಳ್ಳದೆ, ಹಿಂದಿ ಬಲ್ಲವರಿಂದ ಹೇಳಿಸಿ, ಹಾರ್ನೆಸ್ಸನ್ನು ಒಮ್ಮೆ ತೊಡಿಸಿ ತೋರಿಸಿ.