ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆ, ಕಾಯಬಹುದೇ?

ಪ್ರಶ್ನೆ: ನನಗೆ 43 ವರ್ಷ. ಬದಿಯಡ್ಕದ ಹತ್ತಿರ ಮನೆ. ಮನೆಯಲ್ಲೇ ಬೀಡಿ ಕಟ್ಟುತ್ತೇನೆ. ಒಂದು ವರ್ಷದಿಂದ ಮುಟ್ಟಾದಾಗ ಮೊದಲ ಮೂರು ದಿನ ರಕ್ತ ತುಂಬಾ ಹೋಗುತ್ತದೆ. ಎರಡು ಪ್ಯಾಡ್ ಒಟ್ಟಿಗೆ ಇಟ್ಟರೂ ರಾತ್ರಿ ಹಾಸಿಗೆಗೆ ತಾಗುತ್ತದೆ. ಗಟ್ಟಿ ಗಟ್ಟಿ ತುಂಡುಗಳೂ ಬೀಳುತ್ತವೆ. ನಿಲ್ಲಲು ಎಂಟೊಂಬತ್ತು ದಿನ ಬೇಕು. ಅತ್ತೆ "ಮುಟ್ಟು ನಿಲ್ಲುವ ಪ್ರಾಯ, ಎಲ್ಲರಿಗೂ ಹೀಗೆಯೇ" ಎನ್ನುತ್ತಾರೆ. ನೆರೆಮನೆಯ ಅಕ್ಕನಿಗೆ ಹೀಗೇ ಆಗಿ ಗರ್ಭಕೋಶ ತೆಗೆದರು. ಆ ಹೆದರಿಕೆಯಲ್ಲಿ ನಾನು ಆಸ್ಪತ್ರೆಗೆ ಹೋಗಿಲ್ಲ. ಇನ್ನೂ ಸ್ವಲ್ಪ ಸಮಯ ಕಾಯಬಹುದೇ? 14 ವರ್ಷದ ಮಗಳಿದ್ದಾಳೆ, ಅವಳಿಗೂ ಜಾಸ್ತಿಯೇ.

ಉತ್ತರ: ಕಾಯಬೇಡಿ. ಈ ವಾರವೇ ಹೋಗಿ. ನೀವು ಬರೆದ ನಾಲ್ಕು ಸಾಲಿನಲ್ಲೇ ಅದಕ್ಕೆ ಕಾರಣಗಳಿವೆ. ಎರಡು ಪ್ಯಾಡ್ ಇಟ್ಟರೂ ಸೋರುತ್ತದೆ, ತುಂಡು ಬೀಳುತ್ತದೆ, ಏಳು ದಿನ ದಾಟಿದರೂ ನಿಲ್ಲುವುದಿಲ್ಲ. ಇದರಲ್ಲಿ ಒಂದೇ ಇದ್ದರೂ ತೋರಿಸಬೇಕು. ಗರ್ಭಕೋಶದ ಹೆದರಿಕೆಯ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು, ಯಾವಾಗ ಈ ವಾರ, ನಾಳೆ ಎಂದೆಲ್ಲ ನೋಡದೆ ಈಗಲೇ ಹೊರಡಬೇಕು ಎಂಬುದನ್ನು ಹೇಳಿಬಿಡುತ್ತೇನೆ.

ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆಯುತ್ತಿದ್ದು, ಹಾಗೇ ಎರಡು ಗಂಟೆ ಮುಂದುವರಿದರೆ ಹೊರಡಿ. ನಿಂತರೆ ಕಣ್ಣು ಕತ್ತಲೆ ಬಂದರೆ, ತಲೆ ತಿರುಗಿ ಬಿದ್ದರೆ, ಎದೆ ನೋವು ಬಂದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಹೊರಡಿ. ಮುಟ್ಟು ತಪ್ಪಿ ಆಮೇಲೆ ರಕ್ತ ಹೋಗಲು ಶುರುವಾಗಿ ಜೊತೆಗೆ ಹೊಟ್ಟೆಯ ಒಂದು ಬದಿ ನೋಯುತ್ತಿದ್ದರೆ ಅದು ಗರ್ಭನಾಳದಲ್ಲಿ ನಿಂತ ಗರ್ಭವೂ ಆಗಿರಬಹುದು. ಅದು ಜೀವಕ್ಕೆ ಅಪಾಯ. ಮಕ್ಕಳಾಗದ ಆಪರೇಷನ್ ಆಗಿದೆ ಎಂದು ಈ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ಅಪರೂಪಕ್ಕೆ ಆಪರೇಷನ್ ಆದವರಲ್ಲೂ ಹೀಗಾಗುವುದುಂಟು. ಇಂಥ ಹೊತ್ತಿನಲ್ಲಿ ಬಸ್ಸು, ಆಟೋ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮಧ್ಯರಾತ್ರಿ ಹೋಗಬೇಕೋ ಬೇಡವೋ ಎಂಬ ಗೊಂದಲವಿದ್ದರೆ ಕೇರಳ ಸರಕಾರದ 'ದಿಶಾ' ಸಹಾಯವಾಣಿ 1056ಕ್ಕೆ ಯಾವ ಹೊತ್ತಿನಲ್ಲೂ ಕೇಳಬಹುದು.

ಎಷ್ಟಾದರೆ ಜಾಸ್ತಿ?

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30–40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ದಾಟಿದರೆ ಜಾಸ್ತಿ ಎಂಬುದು ಹಳೆಯ ಲೆಕ್ಕ. ಆದರೆ ಇದನ್ನು ಮನೆಯಲ್ಲಿ ಯಾರು ಅಳೆಯುತ್ತಾರೆ? ಮುಟ್ಟಿನ ಕಪ್ ಬಳಸುವವರಿಗೆ ಸುಲಭ. ಅನೇಕ ಕಪ್‌ಗಳ ಒಳಗೆ ಗೆರೆ ಇರುತ್ತದೆ, ತುಂಬಿದ ಕಪ್ಪಿನಲ್ಲಿ 25–30 ಮಿಲಿಲೀಟರ್ ಹಿಡಿಯುತ್ತದೆ. ಉಳಿದವರು ಗಡಿಯಾರ ನೋಡಬೇಕು. ದೊಡ್ಡ ಪ್ಯಾಡ್ ಒಂದೆರಡು ಗಂಟೆಯೂ ಬಾಳದಿದ್ದರೆ ಜಾಸ್ತಿ. ರಾತ್ರಿ ಬದಲಿಸಲೆಂದೇ ಏಳಬೇಕಾದರೆ ಜಾಸ್ತಿ. ಬೀಳುವ ತುಂಡು ಹತ್ತು ರೂಪಾಯಿ ನಾಣ್ಯದಷ್ಟು, ಅಂದರೆ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲ ಇದ್ದರೆ ಜಾಸ್ತಿ. ಬಟ್ಟೆ ಬಳಸುವವರೂ ಇದೇ ರೀತಿ ಗಂಟೆಯ ಲೆಕ್ಕ ಇಡಬಹುದು.

ಪ್ಯಾಡಿನ ಲೆಕ್ಕದಲ್ಲಿ ಒಂದು ಮೋಸವಿದೆ. ಬೀಡಿ ಕಟ್ಟುವವರು ಬ್ರಾಂಚಿಗೆ ಕೊಡುವ ದಿನ ಗೆರಸೆ ಬಿಟ್ಟು ಏಳುವುದಿಲ್ಲ. ನೆನೆದ ಪ್ಯಾಡಿನಲ್ಲೇ ಸಂಜೆವರೆಗೆ ಕೂರುತ್ತಾರೆ. ಪ್ಯಾಡಿಗೆ ದುಡ್ಡು ಬೇಕಲ್ಲ ಎಂದೂ ಕೆಲವರು ಬದಲಿಸುವುದಿಲ್ಲ. ಆಮೇಲೆ ಡಾಕ್ಟರ್ ಕೇಳಿದರೆ "ದಿನಕ್ಕೆ ಮೂರು" ಎನ್ನುತ್ತಾರೆ. ಕೇಳಿದವರಿಗೆ ಅದು ಮಾಮೂಲಿಯಂತೆ ಕಾಣುತ್ತದೆ. ಹಾಗಾಗಿ ಎಷ್ಟು ಬದಲಿಸಿದಿರಿ ಎನ್ನುವುದರ ಜೊತೆಗೆ ಎಷ್ಟು ಬದಲಿಸಬೇಕಿತ್ತು ಎಂಬುದನ್ನೂ ಹೇಳಿ.

ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ನಾನು ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. "ಮುಟ್ಟಿನ ಎರಡನೇ ದಿನ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬರುತ್ತೀರಾ?" ಅಷ್ಟು ಹೊತ್ತು "ಏನಿಲ್ಲ, ಮಾಮೂಲಿ" ಎನ್ನುತ್ತಿದ್ದವರು ಆಗ "ಅಯ್ಯೋ, ಆ ದಿನ ಎಲ್ಲಿಗೂ ಆಗುವುದಿಲ್ಲ" ಎನ್ನುತ್ತಿದ್ದರು. ಇವತ್ತು ಡಾಕ್ಟರುಗಳೂ ಮಿಲಿಲೀಟರ್‌ಗಿಂತ ಇದನ್ನೇ ಹೆಚ್ಚು ನೋಡುತ್ತಾರೆ. ಕೆಲಸಕ್ಕೆ, ನಿದ್ದೆಗೆ, ಮದುವೆ ಮನೆಗೆ ಹೋಗಲು ಅಡ್ಡಿ ಆಗುತ್ತಿದೆ ಎಂದರೆ ಅದು ಜಾಸ್ತಿಯೇ.

"ಪ್ರಾಯದ ಗುಣ" ಎಂಬ ಮಾತು

ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ಪ್ರಾಯ 46–47ರ ಆಸುಪಾಸು. ಅದಕ್ಕೆ ಕೆಲವು ವರ್ಷ ಮೊದಲಿನಿಂದಲೇ ಪ್ರತಿ ತಿಂಗಳು ಅಂಡ ಬಿಡುಗಡೆ ಆಗುವುದಿಲ್ಲ. ಹಾರ್ಮೋನಿನ ತೂಕ ತಪ್ಪುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆದು, ಕೊನೆಗೆ ಒಮ್ಮೆಲೇ ಕಳಚುತ್ತದೆ. ಆದ್ದರಿಂದ ರಕ್ತ ಜಾಸ್ತಿ. ಆದರೆ ಇದೇ ಪ್ರಾಯದಲ್ಲಿ ಫೈಬ್ರಾಯ್ಡ್ ಗಡ್ಡೆಯೂ ಬರುತ್ತದೆ, ಒಳಪದರದಲ್ಲಿ ಪಾಲಿಪ್ ಬೆಳೆಯುತ್ತದೆ, ಗರ್ಭಕೋಶದ ಗೋಡೆಯೇ ಊದಿಕೊಳ್ಳುವ ಅಡಿನೋಮಯೋಸಿಸ್ ಇರುತ್ತದೆ. ಥೈರಾಯ್ಡ್ ಕಡಿಮೆಯಾದರೂ, ಕಾಪರ್-ಟಿ ಹಾಕಿಸಿದ್ದರೂ, ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೂ ಹೀಗೇ ಆಗುತ್ತದೆ. ಕೆಲವರಲ್ಲಿ ಕ್ಯಾನ್ಸರಿನ ಮೊದಲ ಸೂಚನೆಯೂ ಇದೇ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಅನುಭವ ಎಷ್ಟೇ ಇರಲಿ, ಅತ್ತೆಗಾಗಲಿ ನನಗಾಗಲಿ ಪರೀಕ್ಷೆ ಮಾಡದೆ ಬೇರೆ ಮಾಡಲು ಬರುವುದಿಲ್ಲ. ಪ್ರಾಯದ ಗುಣ ಎಂಬುದು ಉಳಿದೆಲ್ಲವನ್ನೂ ನೋಡಿಯಾದ ಮೇಲೆ ಡಾಕ್ಟರ್ ಹೇಳಬೇಕಾದ ಮಾತು.

ಅತ್ತೆಯ ಪ್ರಾಯದವರಿಗೂ ಒಂದು ಮಾತು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತೋರಿಸಬೇಕು. "ಮತ್ತೆ ಮುಟ್ಟಾಯಿತು" ಎಂದು ಸುಮ್ಮನಿರುವ ಹಾಗಿಲ್ಲ. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೂ ಹಾಗೆಯೇ, ಯಾವ ಪ್ರಾಯದಲ್ಲಾದರೂ.

ಕಾದರೆ ಆಗುವ ನಷ್ಟ

ಅಡಿಕೆ ಸುಲಿಯಲು ಹೋಗುತ್ತಿದ್ದ ಒಬ್ಬರು ಒಮ್ಮೆ ಏದುಸಿರು ಎಂದು ಬಂದಿದ್ದರು. ಸೆರಗಿನ ತುದಿಯಲ್ಲಿ ಹಸಿ ಅಕ್ಕಿ ಕಟ್ಟಿಕೊಂಡಿದ್ದರು. ಮಾತಾಡುತ್ತಾ ಆಡುತ್ತಾ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಉಗುರು ನಡುವೆ ತಗ್ಗಾಗಿತ್ತು, ರೆಪ್ಪೆಯ ಒಳಗೆ ಕೆಂಪೇ ಇರಲಿಲ್ಲ. ಹಿಮೋಗ್ಲೋಬಿನ್ 6ರ ಹತ್ತಿರ ಇತ್ತು. ಮುಟ್ಟಿನ ವಿಷಯ ಅವರಾಗಿ ಹೇಳಲೇ ಇಲ್ಲ, ನಾವು ಕೇಳಿದ ಮೇಲೆ ಬಾಯಿಬಿಟ್ಟರು. ಹಸಿ ಅಕ್ಕಿ, ಮಣ್ಣು, ಐಸ್ ತಿನ್ನುವ ಚಪಲ ಕಬ್ಬಿಣದಂಶ ತೀರಾ ಇಳಿದವರಲ್ಲಿ ಕಾಣುತ್ತದೆ. ಮನೆಯಲ್ಲಿ ಅದನ್ನು ಕೆಟ್ಟ ಅಭ್ಯಾಸ ಎಂದು ಬೈಯುತ್ತಾರೆ, ಪಾಪ.

ರಕ್ತ ಒಂದೇ ದಿನ ಇಳಿದರೆ ಮೈ ಕೂಗಿ ಹೇಳುತ್ತದೆ. ತಿಂಗಳಿಗೆ ಸ್ವಲ್ಪ ಸ್ವಲ್ಪ ಇಳಿದರೆ ಮೈ ಒಗ್ಗಿಕೊಳ್ಳುತ್ತದೆ. ಬಾವಿಯಿಂದ ನೀರು ಸೇದುವಾಗ ನಡುವೆ ನಿಲ್ಲಬೇಕು, ಗುಡ್ಡ ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ, ಕೂದಲು ಉದುರುತ್ತದೆ, ಸಿಟ್ಟು ಬೇಗ ಬರುತ್ತದೆ. ನಾವು ಅದನ್ನು ಕೆಲಸದ ಆಯಾಸ ಎಂದುಕೊಳ್ಳುತ್ತೇವೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಆದರೂ ಬೇಕು. 8ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ಶೇ. 57, ಕೇರಳದಲ್ಲಿ ಸುಮಾರು ಶೇ. 36 ಮಂದಿಗೆ ರಕ್ತಹೀನತೆ ಇತ್ತು. ಆರೋಗ್ಯದಲ್ಲಿ ಮುಂದೆ ಇರುವ ರಾಜ್ಯದಲ್ಲೇ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ.

ಎಲ್ಲಿಗೆ, ಹೇಗೆ?

ಮೊದಲು ನಿಮ್ಮ ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರಕ್ಕೆ ಹೋದರೆ ಸಾಕು. ಹಿಮೋಗ್ಲೋಬಿನ್ ನೋಡಿ, ಹೆಂಗಸರ ಡಾಕ್ಟರಿಗೆ ಚೀಟಿ ಬರೆದು ಕೊಡುತ್ತಾರೆ. ಅಲ್ಲಿಂದ ಮುಂದೆ ಕಾಸರಗೋಡಿನ ಜನರಲ್ ಆಸ್ಪತ್ರೆ ಇದೆ. ಮಂಜೇಶ್ವರ, ಉಪ್ಪಳದ ಕಡೆಯವರು ಮಂಗಳೂರೇ ಹತ್ತಿರ ಎಂದು ಗಡಿ ದಾಟುತ್ತಾರೆ. ಅಲ್ಲಿ ಲೇಡಿಗೋಶನ್ ಸರಕಾರಿ ಆಸ್ಪತ್ರೆ ಹೆಂಗಸರಿಗೆಂದೇ ಇದೆ. ಆದರೆ ಕೇರಳದ ಆರೋಗ್ಯ ಕಾರ್ಡ್ ನಡೆಯುತ್ತದೆಯೇ ಎಂದು ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ, ಭಾಷೆ. ಮನೆಯಲ್ಲಿ ಕನ್ನಡವೋ ತುಳುವೋ, ಡಾಕ್ಟರ್ ಮಾತಾಡುವುದು ಮಲಯಾಳಂ. ಪೇಟೆಯ ವ್ಯವಹಾರಕ್ಕೆ ಸಾಕಾಗುವ ಮಲಯಾಳಂ ಇಂಥ ವಿಷಯಕ್ಕೆ ಸಾಲುವುದಿಲ್ಲ. ಮಲಯಾಳಂ ಕಲಿತ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವನ ಮುಂದೆ ನಾಚಿ, ಅರ್ಧ ಮಾತು ನುಂಗಿ ಬಂದವರನ್ನು ನೋಡಿದ್ದೇನೆ. ಅದರ ಬದಲು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಕ್ಯಾಲೆಂಡರಿನಲ್ಲಿ ಮುಟ್ಟು ಶುರುವಾದ ತಾರೀಕು, ನಿಂತ ತಾರೀಕು, ಪ್ರತಿ ದಿನದ ಪ್ಯಾಡಿನ ಲೆಕ್ಕ ಬರೆದಿಟ್ಟರೆ ಆ ಹಾಳೆಯನ್ನೇ ಮುಂದಿಡಬಹುದು. ತಿನ್ನುತ್ತಿರುವ ಎಲ್ಲ ಮಾತ್ರೆಯ ಚೀಟಿಯೂ ಇರಲಿ.

ಮುಟ್ಟು ಮುಗಿಯಲಿ, ಆಮೇಲೆ ಹೋಗುತ್ತೇನೆ ಎಂದು ಕೂರಬೇಡಿ. ರಕ್ತ ಹೋಗುತ್ತಿರುವಾಗಲೂ ಪರೀಕ್ಷೆ ಮಾಡುತ್ತಾರೆ. ಅವರಿಗೆ ಅದು ದಿನದ ಕೆಲಸ, ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಗರ್ಭ ನಿಂತಿದೆಯೇ ಎಂದು ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ, ಬೇಕೆನಿಸಿದರೆ ಥೈರಾಯ್ಡ್, ಆಮೇಲೆ ಸ್ಕ್ಯಾನಿಂಗ್ ಇರುತ್ತದೆ. 45 ದಾಟಿದವರಿಗೆ, ಅದಕ್ಕಿಂತ ಚಿಕ್ಕವರಾದರೂ ತೂಕ ಜಾಸ್ತಿ ಇದ್ದವರಿಗೆ, ಮದ್ದಿಗೆ ಬಗ್ಗದವರಿಗೆ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬಯಾಪ್ಸಿ ಅಂದ ಕೂಡಲೇ ಕ್ಯಾನ್ಸರ್ ಎಂದರ್ಥವಲ್ಲ. ಅದು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ದಾರಿ ಅದು.

ಗರ್ಭಕೋಶ ತೆಗೆಯಲೇಬೇಕೇ?

ಹೆಚ್ಚಿನವರಿಗೆ ಬೇಡ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆಯನ್ನು ರಕ್ತ ಜಾಸ್ತಿ ಇರುವ ದಿನಗಳಲ್ಲಿ ಮಾತ್ರ, ನಾಲ್ಕೈದು ದಿನ ಕೊಡುತ್ತಾರೆ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಸ್ಟ್ರೋಕ್ ಆದವರಿಗೆ ಅದು ಆಗದು. ಆದ್ದರಿಂದ ಪಕ್ಕದ ಮನೆಯವರ ಮಾತ್ರೆ ತಂದು ನುಂಗುವಂತಿಲ್ಲ. ಮೆಫೆನಾಮಿಕ್ ಆಸಿಡ್ ನೋವನ್ನೂ ರಕ್ತವನ್ನೂ ಸ್ವಲ್ಪ ಇಳಿಸುತ್ತದೆ. ಹಾರ್ಮೋನ್ ಮಾತ್ರೆಗಳಿವೆ. ಹಾರ್ಮೋನ್ ಇರುವ ಒಂದು ಚಿಕ್ಕ ಸಾಧನವನ್ನು ಗರ್ಭಕೋಶದೊಳಗೆ ಇಡುವ ಕ್ರಮವೂ ಇದೆ. ನೋಡಲು ಕಾಪರ್-ಟಿಯ ಹಾಗೇ ಇದ್ದರೂ ಕೆಲಸ ತದ್ವಿರುದ್ಧ. ಕಾಪರ್-ಟಿ ರಕ್ತ ಜಾಸ್ತಿ ಮಾಡಬಹುದು, ಇದು ತಗ್ಗಿಸುತ್ತದೆ. ಮೊದಲ ಕೆಲವು ತಿಂಗಳು ಅಲ್ಪಸ್ವಲ್ಪ ಕಲೆ ಕಾಣುತ್ತದೆ, ಆಮೇಲೆ ಅನೇಕರಿಗೆ ಮುಟ್ಟು ತೀರಾ ಕಡಿಮೆಯಾಗುತ್ತದೆ. ಬೆಲೆ ಜಾಸ್ತಿ, ಆದರೆ ಒಮ್ಮೆ ಹಾಕಿದರೆ ಐದು ವರ್ಷ. ನಿಮ್ಮ ಪ್ರಾಯದವರಿಗೆ ಇದು ಒಳ್ಳೆಯ ದಾರಿ ಎಂಬುದು ನನ್ನ ಅನಿಸಿಕೆ. ಡಾಕ್ಟರ್ ಹೇಳದಿದ್ದರೆ ನೀವೇ ಕೇಳಿ.

ಸ್ಕ್ಯಾನಿಂಗಿನಲ್ಲಿ ಗಡ್ಡೆ ಇದೆ ಎಂದ ಮಾತ್ರಕ್ಕೆ ಆಪರೇಷನ್ ಬೇಕಿಲ್ಲ. ಗಡ್ಡೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಒಳಪದರದ ಕೆಳಗಿನ ಸಣ್ಣ ಗಡ್ಡೆ ತುಂಬಾ ರಕ್ತ ಹರಿಸಬಹುದು. ಹೊರಬದಿಯ ದೊಡ್ಡ ಗಡ್ಡೆಯಿಂದ ಒಂದು ತೊಟ್ಟೂ ಜಾಸ್ತಿ ಹೋಗದಿರಬಹುದು. ಮುಟ್ಟು ನಿಂತ ಮೇಲೆ ಗಡ್ಡೆಗಳು ಸಾಮಾನ್ಯವಾಗಿ ಕುಗ್ಗುತ್ತವೆ.

ಬೇಕಾದವರಿಗೆ ಗರ್ಭಕೋಶ ತೆಗೆಯುವುದು ಒಳ್ಳೆಯ ಚಿಕಿತ್ಸೆಯೇ. ನೆರೆಮನೆಯ ಅಕ್ಕನಿಗೆ ಬೇಕಿತ್ತೋ ಏನೋ, ನಾನು ಹೇಳಲಾರೆ. ಆದರೆ ಬೇಡದವರಿಗೂ ತೆಗೆಯುವುದು ದೇಶದಲ್ಲಿ ಎಷ್ಟು ಬೆಳೆದಿತ್ತೆಂದರೆ, 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೆ ಹೇಳಬೇಕಾಯಿತು. ನಿಮಗೆ ಆಪರೇಷನ್ ಹೇಳಿದರೆ ಎರಡು ಪ್ರಶ್ನೆ ಕೇಳಿ. ಮದ್ದು, ಸಾಧನ ಯಾಕೆ ಸಾಲದು? ಅಂಡಾಶಯ ಉಳಿಸುತ್ತೀರಾ? ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯ ತೆಗೆದರೆ ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ಯಾರಿಗೂ ಅವಮಾನ ಮಾಡಿದಂತಲ್ಲ.

ಕೊತ್ತಂಬರಿ ನೀರು, ಬಾಳೆದಿಂಡಿನ ಪಲ್ಯ ಬಿಡಬೇಕಿಲ್ಲ, ಆದರೆ ಅದನ್ನು ನಂಬಿ ತಿಂಗಳು ತಳ್ಳಬೇಡಿ. ನೇಮ, ಪೂಜೆ ಎಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ತಿನ್ನುವುದನ್ನಂತೂ ಕಾರಣ ತಿಳಿಯುವವರೆಗೆ ನಿಲ್ಲಿಸಿ. ಕಬ್ಬಿಣದ ಮಾತ್ರೆ ಕೊಟ್ಟರೆ ಲಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳಿ. ಚಹಾ, ಕಾಫಿಗೆ ಒಂದೆರಡು ಗಂಟೆ ಅಂತರ ಇರಲಿ, ಅವು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಲ ಕಪ್ಪಾದರೆ ಹೆದರಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ. ಹುರುಳಿ, ಹರಿವೆ, ಮರುವಾಯಿ, ಮೀನು ತಿನ್ನಿ, ಆದರೆ ಇಷ್ಟು ಇಳಿದ ಮೇಲೆ ಊಟವೊಂದೇ ಸಾಲದು.

ಇನ್ನು ಮಗಳ ವಿಷಯ. ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟಿನ ತಾರೀಕು ಹಿಂದೆ ಮುಂದೆ ಆಗುವುದು ಸಹಜ. ರಕ್ತ ಜಾಸ್ತಿ ಹೋಗಿ ಶಾಲೆ ತಪ್ಪುವುದು ಸಹಜವಲ್ಲ. ಅವಳಿಗೆ ಆಗಾಗ ಮೂಗಿನಿಂದ ರಕ್ತ ಬರುತ್ತದೆಯೇ, ಸುಮ್ಮನೆ ಮೈಮೇಲೆ ನೀಲಿ ಕಲೆ ಏಳುತ್ತದೆಯೇ, ಹಲ್ಲು ಕಿತ್ತಾಗ ರಕ್ತ ನಿಲ್ಲಲಿಲ್ಲವೇ ಎಂದು ನೆನಪು ಮಾಡಿಕೊಳ್ಳಿ. ಇದ್ದರೆ ಡಾಕ್ಟರಿಗೆ ಹೇಳಿ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶವೊಂದು ಹುಟ್ಟಿನಿಂದಲೇ ಕಡಿಮೆ ಇರುವ ವಾನ್ ವಿಲ್ಲೆಬ್ರಾಂಡ್ ಎಂಬ ಕಾಯಿಲೆ ಇದೆ. ಅದು ತಾಯಿಯಿಂದಲೋ ತಂದೆಯಿಂದಲೋ ಬರುತ್ತದೆ, ಹುಡುಗಿಯರಲ್ಲಿ ಹಲವು ಸಲ ಮೊದಲು ತೋರುವುದು ಮುಟ್ಟಿನಲ್ಲೇ. ನಿಮಗೂ ಹೆರಿಗೆಯ ಹೊತ್ತಿಗೆ ರಕ್ತ ಜಾಸ್ತಿ ಹೋಗಿದ್ದರೆ ಅದನ್ನೂ ಹೇಳಿ, ಇಬ್ಬರ ಚಿಕಿತ್ಸೆಗೂ ಅದು ಬೇಕು. ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ಒಂದೇ ದಿನ ಇಬ್ಬರ ಹೆಸರಿಗೂ ಒಪಿ ಚೀಟಿ ಮಾಡಿಸಬಹುದು.