ಕೊನೇ ಸಲ ಸುಸು ಮಾಡಿದ್ದು ಯಾವಾಗ?

ರಾತ್ರಿ ಹನ್ನೊಂದಕ್ಕೆ ಬರುವ ಫೋನಿನಲ್ಲಿ ಮೊದಲ ಮಾತು ಹೆಚ್ಚಾಗಿ ಒಂದೇ. "ಡಾಕ್ಟ್ರೇ, 102 ಜ್ವರ. ಈಗ್ಲೇ ಕರ್ಕೊಂಡು ಬರ್ಲಾ?" ನಾನು ಕೇಳುವುದು, "ಕೊನೇ ಸಲ ಸುಸು ಮಾಡಿದ್ದು ಯಾವಾಗ?" ಆ ಕಡೆ ಮಾತಿಲ್ಲ. ಆಮೇಲೆ "ರೀ, ಡೈಪರ್ ಯಾವಾಗ ಬದಲಾಯಿಸಿದ್ರಿ?" ಅನ್ನುವ ದನಿ.

102 ಇದ್ದರೂ ಜ್ವರ ಸ್ವಲ್ಪ ಇಳಿದಾಗ ಮಗು ಎದ್ದು ಆಡುತ್ತದೆ, ಗಂಜಿ ಕುಡಿಯುತ್ತದೆ, ಡೈಪರ್ ಒದ್ದೆಯಾಗುತ್ತದೆ ಅಂದರೆ ಬೆಳಗಿನವರೆಗೆ ನೋಡಬಹುದು. ಅದೇ ಮಗುವನ್ನು ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂರಿಸುವುದೇ ಜಾಸ್ತಿ ಹಿಂಸೆ. ಜ್ವರ 100 ಮಾತ್ರ, ಆದರೆ ಎಂಟು ಗಂಟೆ ಹೊತ್ತು ಸುಸು ಇಲ್ಲ, ಅತ್ತರೆ ಕಣ್ಣೀರಿಲ್ಲ, ಎಬ್ಬಿಸಿದರೂ ಮಂಪರು ಅಂದರೆ ಕೂಡಲೇ ಹೊರಡಿ. ಫಿಟ್ಸ್ ಬಂದರಂತೂ ಕೇಳುವುದೇ ಬೇಡ. ಮೂರು ತಿಂಗಳೊಳಗಿನ ಕೂಸಿಗೆ ಈ ಲೆಕ್ಕ ಇಲ್ಲ. 100.4 ಮುಟ್ಟಿದರೆ ನಗುತ್ತಿದ್ದರೂ ಅದೇ ರಾತ್ರಿ ತೋರಿಸಬೇಕು.

ಕೆಮ್ಮು, ಕಫ ಇದ್ದರೆ ಉಸಿರು ಎಣಿಸಿ. ಅಳುವಾಗ ಬೇಡ, ಮಲಗಿದಾಗ ಒಳ್ಳೇದು. ಅಂಗಿ ಎತ್ತಿ, ಮೊಬೈಲ್‌ನಲ್ಲಿ ಟೈಮರ್ ಇಟ್ಟು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಕೂಸುಗಳ ಉಸಿರು ಒಂದೇ ಸಮ ಇರಲ್ಲ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬನ್ನಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಯಾಗಿದ್ದರೆ 108ಕ್ಕೆ ಫೋನ್ ಮಾಡಿ.

ಮಳೆಗಾಲದಲ್ಲಿ ನನಗೆ ಹೆದರಿಕೆ ಜ್ವರ ಬಿಟ್ಟ ದಿನದ್ದು. ಡೆಂಗಿಯಲ್ಲಿ ಮೂರರಿಂದ ಏಳನೇ ದಿನದ ಮಧ್ಯೆ ಜ್ವರ ಇಳಿಯುತ್ತದೆ. ಮನೆಯವರು ಉಸ್ಸಪ್ಪಾ ಅಂತಾರೆ, ಮಗುವನ್ನು ಸ್ಕೂಲಿಗೂ ಕಳಿಸಿಬಿಡ್ತಾರೆ. ರಕ್ತನಾಳದಿಂದ ನೀರಿನಂಶ ಸೋರುವುದು ಅದೇ ಹೊತ್ತಿಗೆ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಲ್ಲಿ ರಕ್ತ, ತಣ್ಣಗಾದ ಕೈಕಾಲು, ಇದರಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆಗೆ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳ್ತಾರೆ. ನಾನು ಮೊದಲು ಮಗುವಿನ ಪಾದ ಮುಟ್ಟಿ ನೋಡ್ತೀನಿ.

ಬರುವಾಗ, ಮನೆಯಲ್ಲಿ ಮಗುವಿಗೆ ಕೊಟ್ಟ ಔಷಧಿಯ ಬಾಟಲಿಯನ್ನೇ ತನ್ನಿ. "ಅದೇ ಜ್ವರದ ಸಿರಪ್ಪು" ಅಂದರೆ ನನಗೆ ಗೊತ್ತಾಗಲ್ಲ. ಸಾಮಾನ್ಯವಾಗಿ ಸಿಗುವ ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ. ಸಿರಪ್‌ನಲ್ಲಿ ಐದು ಎಂಎಲ್‌ಗೆ 120 ಇರುತ್ತದೆ, ಇಲ್ಲವೇ 250. ಡ್ರಾಪ್ಸನ್ನು ಚಮಚದಲ್ಲಿ ಅಳೆದು ಕೊಟ್ಟ ಅಜ್ಜಿಯರನ್ನು ನಾನು ನೋಡಿದ್ದೀನಿ.